ಜೋಡಿ ಕ್ಷುದ್ರಗ್ರಹ ಮತ್ತು 33 ನಿಮಿಷ



ಇಂಥ ದಿನ ಏನು ಮಾತಾಡಬೇಕು ಎಂದು ಕೇಳಿದಾಗ ನಮ್ಮ ಟೀಚರ್ ಹೇಳಿದ್ದು ಇಷ್ಟೇ: “ನಿನಗೆ ನಿಜವಾಗಿ ಇಷ್ಟವಾದ ವಿಷಯ ತಗೋ. ಆದರೆ ಕೊನೆಯ ಸಾಲಿನಲ್ಲಿ ಕೂತಿರುವ ಅಜ್ಜಿಗೂ ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳು.” ಹಾಗಾಗಿ ನಾನು ಸಿಡ್ನಿಯಲ್ಲಿ, ನನ್ನ ಚಿಕ್ಕಮ್ಮನ ಮಗ ಮೆಲ್ಬರ್ನಿನಲ್ಲಿ, ಇಬ್ಬರೂ ಸೇರಿ ಒಂದು ಬಾಹ್ಯಾಕಾಶ ಸಿಮ್ಯುಲೇಟರ್‌ನಲ್ಲಿ ಕಟ್ಟಿದ ಜೋಡಿ ಕ್ಷುದ್ರಗ್ರಹದ ಬಗ್ಗೆ ಮಾತಾಡುತ್ತೇನೆ. ಇದರಲ್ಲಿ ಒಂದು ಲೆಕ್ಕ ಇದೆ. ಆ ಲೆಕ್ಕದ ಉತ್ತರ ಇಲ್ಲಿ ಕೂತಿರುವ ಎಲ್ಲರಿಗೂ ಸಂಬಂಧಿಸಿದ್ದು.

ಮೊದಲು ಹೆಸರಿನ ವಿಷಯ. ಕ್ಷುದ್ರಗ್ರಹ ಅಂದರೆ ಸೂರ್ಯನನ್ನು ಸುತ್ತುವ, ಗ್ರಹ ಎನಿಸಿಕೊಳ್ಳುವಷ್ಟು ದೊಡ್ಡದಲ್ಲದ ಕಲ್ಲು ಅಥವಾ ಲೋಹದ ಕಾಯ. ಮೈಸೂರಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಈ ಮಾತು ಹೇಳಿದಾಗ ಅವರಿಗೆ ಗಾಬರಿ ಆಯಿತು. “ಕ್ಷುದ್ರ ಅಂತೆಲ್ಲಾ ಯಾಕೆ ಮನೇಲಿ ಇಟ್ಕೊಂಡಿದೀರ ಪುಟ್ಟೀ?” ಅಂದರು. ಕ್ಷುದ್ರ ಅಂದರೆ ಇಲ್ಲಿ ಚಿಕ್ಕದು ಅಂತ ಅರ್ಥ, ಮಾಟ ಮಂತ್ರ ಏನೂ ಅಲ್ಲ ಎಂದು ಸಮಾಧಾನ ಮಾಡಬೇಕಾಯಿತು. ಆಮೇಲೆ “ಅದರ ರಾಶಿ ಎಷ್ಟು ಅಂತ ಹುಡುಕ್ತಾ ಇದೀವಿ” ಅಂದೆ. “ರಾಶಿ ಯಾವುದು ಅಂತ ಕೇಳಬೇಕು, ಎಷ್ಟು ಅಂತ ಅಲ್ಲ. ನಿಂದು ಕನ್ಯಾ” ಅಂದರು. ಜಾತಕದಲ್ಲಿ ರಾಶಿ ಒಂದು, ಸುಗ್ಗಿಯ ಕಣದಲ್ಲಿ ರಾಶಿ ಇನ್ನೊಂದು, ವಿಜ್ಞಾನದ ಪುಸ್ತಕದಲ್ಲಿ ರಾಶಿ ಅಂದರೆ ಒಂದು ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ಇವತ್ತಿನ ಮಾತಿನಲ್ಲಿ ಬರುವುದು ಈ ಮೂರನೆಯ ರಾಶಿ.

ಎರಡು ಕ್ಷುದ್ರಗ್ರಹಗಳು ಒಂದನ್ನೊಂದು ಹಿಡಿದುಕೊಂಡು ಸುತ್ತುತ್ತಾ ಸೂರ್ಯನ ಸುತ್ತಲೂ ಹೋಗುತ್ತಿದ್ದರೆ ಅದು ಜೋಡಿ ಕ್ಷುದ್ರಗ್ರಹ. ಇಂಥದ್ದು ಇರಬಹುದು ಎಂಬ ಊಹೆ ಹಳೆಯದು. ಆದರೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿದ್ದು 1993ರಲ್ಲಿ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ದಾರಿಯಲ್ಲಿ ಇಡಾ ಎಂಬ ಕ್ಷುದ್ರಗ್ರಹದ ಫೋಟೋ ತೆಗೆಯಿತು. ಮರುವರ್ಷ ಆ ಫೋಟೋಗಳನ್ನು ನೋಡುವಾಗ ಪಕ್ಕದಲ್ಲಿ ಸುಮಾರು ಒಂದೂವರೆ ಕಿಲೋಮೀಟರಿನ ಒಂದು ಪುಟ್ಟ ಚಂದ್ರ ಸಿಕ್ಕಿತು. ಅದಕ್ಕೆ ಡ್ಯಾಕ್ಟಿಲ್ ಎಂದು ಹೆಸರಿಟ್ಟರು. ಈಗ ಇಂಥ ಜೋಡಿಗಳು ನೂರಾರು ಗೊತ್ತಿವೆ. ಭೂಮಿಯ ಹತ್ತಿರ ಬಂದು ಹೋಗುವ, ಒಂದಿಷ್ಟು ದೊಡ್ಡದಾದ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ಸುಮಾರು 15 ಜೋಡಿಗಳು.

ನಾವು ಆರಿಸಿಕೊಂಡ ಜೋಡಿಯ ಹೆಸರು ಡಿಡಿಮಸ್ ಮತ್ತು ಡೈಮಾರ್ಫಸ್. ಡಿಡಿಮಸ್ ಅಂದರೆ ಗ್ರೀಕ್ ಭಾಷೆಯಲ್ಲಿ ಅವಳಿ. ದೊಡ್ಡದು ಡಿಡಿಮಸ್, ಅಡ್ಡಳತೆ ಮುಕ್ಕಾಲು ಕಿಲೋಮೀಟರಿನ ಆಸುಪಾಸು. ಆಕಾರ ನಮ್ಮ ಬುಗುರಿಯ ಹಾಗೆ, ನಡುವಿನಲ್ಲಿ ಉಬ್ಬು. ಬುಗುರಿಯ ಹಾಗೆಯೇ ತಿರುಗುತ್ತದೆ ಕೂಡ, ಎರಡೂಕಾಲು ಗಂಟೆಗೆ ಒಂದು ಸುತ್ತು. ಚಿಕ್ಕದು ಡೈಮಾರ್ಫಸ್, ಅಡ್ಡಳತೆ ಸುಮಾರು 150 ಮೀಟರ್. ಅಂದರೆ ಮೆಲ್ಬರ್ನಿನ ಎಂಸಿಜಿ ಕ್ರೀಡಾಂಗಣದೊಳಗೆ ಇಡಬಹುದು. ಎರಡರ ಕೇಂದ್ರಗಳ ನಡುವೆ ಸುಮಾರು 1.2 ಕಿಲೋಮೀಟರ್. ನಮ್ಮ ಸಿಡ್ನಿ ಹಾರ್ಬರ್ ಬ್ರಿಡ್ಜಿನ ಒಟ್ಟು ಉದ್ದ 1,149 ಮೀಟರ್. ಅಂದರೆ ಸೇತುವೆಯ ಒಂದು ತುದಿಯಲ್ಲಿ ದೊಡ್ಡದರ ಕೇಂದ್ರ, ಇನ್ನೊಂದು ತುದಿಯಲ್ಲಿ ಎಂಸಿಜಿಯಷ್ಟು ದೊಡ್ಡ ಕಲ್ಲು. ನಮ್ಮ ಎರಡು ಊರುಗಳೂ ಈ ಅಳತೆಗೆ ಬಂದಿದ್ದು ನಮಗಿಬ್ಬರಿಗೂ ಖುಷಿ ಕೊಟ್ಟಿತು.

ಇಷ್ಟು ಚಿಕ್ಕ ವಸ್ತುಗಳು ಎರಡಿವೆ ಎಂದು ಭೂಮಿಯಿಂದ ಹೇಗೆ ಗೊತ್ತಾಯಿತು? ದೂರದರ್ಶಕದಲ್ಲಿ ಇದು ಒಂದೇ ಒಂದು ಬೆಳಕಿನ ಚುಕ್ಕೆ. ಡಿಡಿಮಸ್ ಪತ್ತೆಯಾಗಿದ್ದು 1996ರಲ್ಲಿ. ಅದರ ಜೊತೆಗಾರ ಪತ್ತೆಯಾಗಿದ್ದು 2003ರಲ್ಲಿ, ಆ ಚುಕ್ಕೆಯ ಹೊಳಪನ್ನು ಬಿಡದೆ ಅಳೆದಾಗ ಮತ್ತು ರೇಡಾರಿನಿಂದ ನೋಡಿದಾಗ. ಒಂದು ಕಲ್ಲು ಇನ್ನೊಂದರ ಮುಂದೆ ಬಂದರೆ, ಅಥವಾ ಹಿಂದೆ ಮರೆಯಾದರೆ, ಚುಕ್ಕೆಯ ಬೆಳಕು ಸ್ವಲ್ಪ ಕುಗ್ಗುತ್ತದೆ. ನಮ್ಮ ಗ್ರಹಣದ ಹಾಗೆಯೇ. ಎರಡು ಗ್ರಹಣಗಳ ನಡುವಿನ ಹೊತ್ತನ್ನು ಲೆಕ್ಕ ಹಾಕಿದರೆ ಚಿಕ್ಕದು ದೊಡ್ಡದನ್ನು ಸುತ್ತಲು ಎಷ್ಟು ಹೊತ್ತು ಬೇಕು ಎಂದು ಸಿಗುತ್ತದೆ. ಆ ಹೊತ್ತು 11 ಗಂಟೆ 55 ನಿಮಿಷ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ.

ಇನ್ನು ಸಿಮ್ಯುಲೇಟರ್ ವಿಷಯ. ಇಲ್ಲಿರುವ ಅನೇಕ ಅಪ್ಪ ಅಮ್ಮಂದಿರಿಗೆ ಇದು “ಕಂಪ್ಯೂಟರ್ ಆಟ”. ಒಂದು ಮಟ್ಟಿಗೆ ಅದೂ ನಿಜ. ಆದರೆ ಇವುಗಳಲ್ಲಿ ಬಗೆ ಬಗೆ ಇವೆ. ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬುದು ಬಹಳ ಮಕ್ಕಳು ಆಡುವ ಆಟ. ಅದರಲ್ಲಿ ಪ್ರತಿ ಗ್ರಹಕ್ಕೂ ಚಂದ್ರನಿಗೂ ಸುತ್ತ ಒಂದು ಗಡಿ ಹಾಕಿರುತ್ತಾರೆ. ನೌಕೆ ಆ ಗಡಿಯ ಒಳಗಿದ್ದರೆ ಆ ಗ್ರಹ ಮಾತ್ರ ಅದನ್ನು ಎಳೆಯುತ್ತದೆ. ಗಡಿ ದಾಟಿದ ತಕ್ಷಣ ಮೊದಲಿನದರ ಎಳೆತ ನಿಂತು ಇನ್ನೊಂದರದು ಶುರು. ಒಂದು ಹೊತ್ತಿಗೆ ಒಬ್ಬರೇ ಯಜಮಾನರು. ರಾಕೆಟ್ ಹಾರಿಸುವುದನ್ನು ಕಲಿಯಲು ಇದು ಸಾಕು, ಲೆಕ್ಕವೂ ಸುಲಭ. ಆದರೆ ಪಕ್ಕ ಪಕ್ಕದಲ್ಲಿರುವ ಎರಡು ಕಲ್ಲುಗಳ ನಡುವೆ ನಿಂತ ನೌಕೆಯನ್ನು ಎರಡೂ ಎಳೆಯಬೇಕಲ್ಲ? ಅದಕ್ಕೆ ಈ ಉಪಾಯ ಸಾಲದು.

ನಾವು ಬಳಸಿದ್ದು ಆರ್ಬಿಟರ್ ಎಂಬ ಸಿಮ್ಯುಲೇಟರ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ಮಾರ್ಟಿನ್ ಶ್ವೈಗರ್ ಅವರು ಬರೆದು 2000ದಲ್ಲಿ ಉಚಿತವಾಗಿ ಕೊಟ್ಟಿದ್ದು. 2021ರಲ್ಲಿ ಅದರ ಒಳಗಿನ ಪ್ರೋಗ್ರಾಮನ್ನೂ ಎಲ್ಲರಿಗೂ ತೆರೆದಿಟ್ಟರು. ಇದರಲ್ಲಿ ಅಂಕ ಇಲ್ಲ, ಹಂತ ಇಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಸೂರ್ಯ, ಗ್ರಹಗಳು, ಚಂದ್ರಗಳು ಎಲ್ಲವೂ ಒಟ್ಟಿಗೆ ನೌಕೆಯನ್ನು ಎಳೆಯುತ್ತವೆ. ಹೊಸದೊಂದು ಕಾಯ ಬೇಕಾದರೆ ಸೂರ್ಯಮಂಡಲದ ಪಟ್ಟಿಗೆ ಅದರ ಹೆಸರು ಸೇರಿಸಿ, ಅದಕ್ಕಾಗಿ ಒಂದು ಸಣ್ಣ ಫೈಲ್ ಬರೆದರೆ ಸಾಕು. ರಾಶಿ ಎಷ್ಟು, ಗಾತ್ರ ಎಷ್ಟು, ತನ್ನ ಸುತ್ತ ತಿರುಗಲು ಎಷ್ಟು ಹೊತ್ತು, ಸೂರ್ಯನ ಸುತ್ತ ಕಕ್ಷೆ ಎಂಥದ್ದು, ಇಷ್ಟನ್ನು ಅದರಲ್ಲಿ ಹೇಳಬೇಕು. ಮೆಲ್ಬರ್ನಿನ ತಮ್ಮ ಸಂಖ್ಯೆಗಳನ್ನು ಹುಡುಕಿ ಓದುವುದು, ನಾನು ಟೈಪ್ ಮಾಡುವುದು. ಹೀಗೆ ಭಾನುವಾರದ ಸಂಜೆಗಳು ಹೋದವು.

ನಾವು ಎರಡು ಮಾದರಿ ಮಾಡಿದೆವು. ಮೊದಲನೆಯದರಲ್ಲಿ ಡಿಡಿಮಸ್‌ನ ಚಂದ್ರನಾಗಿ ಡೈಮಾರ್ಫಸ್ ಇತ್ತು. ಸಮಯವನ್ನು ಸಾವಿರ ಪಟ್ಟು ಓಡಿಸಿದರೆ 11 ಗಂಟೆ 55 ನಿಮಿಷದ ಸುತ್ತು 43 ಸೆಕೆಂಡಿನಲ್ಲಿ ಮುಗಿಯುತ್ತದೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಜಾಗದಲ್ಲಿ ನೌಕೆ ನಿಲ್ಲಿಸಿ ನೋಡಿದರೆ, 2003ರಲ್ಲಿ ಆ ವಿಜ್ಞಾನಿಗಳು ಅಳೆದ ಗ್ರಹಣ ಯಾವುದು ಎಂದು ಬಾಯಲ್ಲಿ ಹೇಳದೆಯೇ ತಿಳಿಯುತ್ತದೆ. ಆದರೆ ಈ ಮಾದರಿಗೆ ಒಂದು ಮಿತಿ ಇದೆ. ದೊಡ್ಡದು ಚಿಕ್ಕದನ್ನು ಸುತ್ತಿಸುತ್ತದೆ, ಆದರೆ ಚಿಕ್ಕದರ ಎಳೆತಕ್ಕೆ ದೊಡ್ಡದು ಅಲ್ಲಾಡುವುದಿಲ್ಲ. ನಿಜದಲ್ಲಿ ಹಾಗಿಲ್ಲ. ಪುಟ್ಟ ಮಗುವಿನ ಎರಡೂ ಕೈ ಹಿಡಿದು ಅಪ್ಪ ಗರಗರ ತಿರುಗಿಸುವಾಗ ಅಪ್ಪನೂ ಸ್ವಲ್ಪ ಹಿಂದಕ್ಕೆ ವಾಲಬೇಕಾಗುತ್ತದೆ. ಹಾಗೆಯೇ ಡಿಡಿಮಸ್ ಕೂಡ ಸುಮಾರು 10 ಮೀಟರ್ ಆಚೆ ಈಚೆ ಆಗುತ್ತಿರಬೇಕು. ಚಿಕ್ಕದರ ರಾಶಿ ಒಟ್ಟು ರಾಶಿಯ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಆದ್ದರಿಂದ ಅಲುಗಾಟವೂ ಅಷ್ಟೇ ಸಣ್ಣದು.

ಎರಡನೆಯ ಮಾದರಿ ಮಾಡಬೇಕಾಗಿ ಬಂದದ್ದು ಬೇರೆ ಕಾರಣಕ್ಕೆ. ಫೈಲಿನಲ್ಲಿ ಚಂದ್ರ ಎಂದು ಬರೆದ ವಸ್ತುವನ್ನು ಈ ಸಿಮ್ಯುಲೇಟರ್‌ನಲ್ಲಿ ಯಾರೂ ತಳ್ಳಲು ಆಗುವುದಿಲ್ಲ. ನೌಕೆ ಹೋಗಿ ಗುದ್ದಿದರೂ ಅದು ಜಗ್ಗುವುದಿಲ್ಲ. ನಮಗೆ ಬೇಕಾಗಿದ್ದದ್ದು ಅದನ್ನು ತಳ್ಳುವುದೇ. ಯಾಕೆಂದರೆ ನಿಜದಲ್ಲಿ ಅದನ್ನು ತಳ್ಳಿದ್ದಾರೆ.

2022ರ ಸೆಪ್ಟೆಂಬರ್ 27, ಮಂಗಳವಾರ, ನಮ್ಮ ಸಿಡ್ನಿ ಮೆಲ್ಬರ್ನ್ ಗಡಿಯಾರದಲ್ಲಿ ಬೆಳಗ್ಗೆ 9 ಗಂಟೆ 14 ನಿಮಿಷ. ಎರಡೂ ರಾಜ್ಯಗಳಲ್ಲಿ ಶಾಲೆಗೆ ರಜೆ. ಅಮೆರಿಕದ ನಾಸಾ ಕಳಿಸಿದ್ದ ಡಾರ್ಟ್ ಎಂಬ ನೌಕೆ ಬೇಕೆಂದೇ ಹೋಗಿ ಡೈಮಾರ್ಫಸ್‌ಗೆ ಗುದ್ದಿತು. ನೌಕೆಯ ತೂಕ ಸುಮಾರು 580 ಕಿಲೋ. ವೇಗ ಸೆಕೆಂಡಿಗೆ ಸುಮಾರು 6.1 ಕಿಲೋಮೀಟರ್. ಆ ವೇಗದಲ್ಲಿ ಹಾರಿದರೆ ಸಿಡ್ನಿಯಿಂದ ಮೆಲ್ಬರ್ನಿಗೆ ಎರಡು ನಿಮಿಷವೂ ಬೇಡ. ಗುದ್ದಿದ ಜಾಗ ಭೂಮಿಯಿಂದ ಸುಮಾರು 1 ಕೋಟಿ 10 ಲಕ್ಷ ಕಿಲೋಮೀಟರ್ ದೂರ. ಅಲ್ಲಿಂದ ಸಂಕೇತ ಬರಲು 38 ಸೆಕೆಂಡು ಬೇಕಾಗುತ್ತಿತ್ತು. ಹಾಗಾಗಿ ಇಲ್ಲಿಂದ ಯಾರೂ ಸ್ಟಿಯರಿಂಗ್ ಹಿಡಿದಿರಲಿಲ್ಲ. ಚಿಕ್ಕ ಕಲ್ಲು ನೌಕೆಯ ಕ್ಯಾಮೆರಾಕ್ಕೆ ಬೇರೆಯಾಗಿ ಕಾಣಿಸಿದ್ದೇ ಕೊನೆಯ ಒಂದು ಗಂಟೆಯಲ್ಲಿ. ಅದನ್ನು ಗುರುತಿಸಿ ಗುರಿ ಹಿಡಿದದ್ದು ನೌಕೆಯೊಳಗಿನ ಕಂಪ್ಯೂಟರೇ.

ಯಾಕೆ ಗುದ್ದಿದರು? ಈ ಜೋಡಿಯಿಂದ ಭೂಮಿಗೆ ಅಪಾಯ ಏನೂ ಇರಲಿಲ್ಲ. ಆದರೆ ಮುಂದೆ ಯಾವಾಗಲಾದರೂ ಒಂದು ಕಲ್ಲು ನಮ್ಮ ಕಡೆಗೇ ಬರುತ್ತಿದ್ದರೆ, ಅದನ್ನು ತಳ್ಳಿ ದಾರಿ ತಪ್ಪಿಸಲು ಆಗುತ್ತದೆಯೇ ಎಂದು ತಿಳಿಯಬೇಕಿತ್ತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸುಮಾರು 20 ಮೀಟರಿನ ಒಂದು ಕಲ್ಲು ಆಕಾಶದಲ್ಲೇ ಸಿಡಿಯಿತು. ಮುಖ್ಯವಾಗಿ ಕಿಟಕಿಯ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಡೈಮಾರ್ಫಸ್ ಅದಕ್ಕಿಂತ ಏಳೆಂಟು ಪಟ್ಟು ಅಗಲ. ಅಷ್ಟು ದೊಡ್ಡದು ಬಿದ್ದರೆ ಒಂದು ನಗರ ಉಳಿಯುವುದಿಲ್ಲ.

ಪ್ರಯೋಗಕ್ಕೆ ಒಂಟಿ ಕಲ್ಲನ್ನು ಬಿಟ್ಟು ಜೋಡಿಯನ್ನೇ ಆರಿಸಿದ್ದು ಯಾಕೆ ಎಂಬುದು ನನಗೆ ಬಹಳ ಹಿಡಿಸಿದ ಭಾಗ. ಸೂರ್ಯನ ಸುತ್ತ ಈ ಜೋಡಿ ಹೋಗುವ ವೇಗ ಸೆಕೆಂಡಿಗೆ 20 ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಕೆಲವು ಮಿಲಿಮೀಟರ್ ಬದಲಾದರೆ ಕಂಡುಹಿಡಿಯುವುದು ಕಷ್ಟ. ಆದರೆ ಡೈಮಾರ್ಫಸ್ ತನ್ನ ಜೊತೆಗಾರನ ಸುತ್ತ ಹೋಗುವ ವೇಗ ಸೆಕೆಂಡಿಗೆ ಬರೀ 17 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಅದನ್ನು ಹಿಂದೆ ಹಾಕಬಹುದು. ಅಷ್ಟು ನಿಧಾನವಾಗಿ ಹೋಗುವುದನ್ನು ಕೆಲವೇ ಮಿಲಿಮೀಟರ್ ಬದಲಿಸಿದರೂ ಸುತ್ತುವ ಹೊತ್ತಿನಲ್ಲಿ ಎದ್ದು ಕಾಣುತ್ತದೆ. ಆ ಹೊತ್ತನ್ನು ಗ್ರಹಣ ನೋಡಿ ಭೂಮಿಯಿಂದಲೇ ಅಳೆಯಬಹುದು. ಅಂದರೆ ದೊಡ್ಡ ಕಲ್ಲು ಇಲ್ಲಿ ಗಡಿಯಾರದ ಕೆಲಸ ಮಾಡಿತು.

ನಮ್ಮ ಎರಡನೆಯ ಮಾದರಿಯಲ್ಲಿ ಡೈಮಾರ್ಫಸ್ ಬದಲು ಒಂದು ನೌಕೆಯನ್ನೇ ಅದೇ ಕಕ್ಷೆಯಲ್ಲಿ ಇಟ್ಟೆವು. ಡಿಡಿಮಸ್‌ನ ರಾಶಿ ಸುಮಾರು 54,000 ಕೋಟಿ ಕಿಲೋ ಎಂದು ಕೊಟ್ಟು, 1.19 ಕಿಲೋಮೀಟರ್ ದೂರದಲ್ಲಿ ನೌಕೆ ಬಿಟ್ಟರೆ, ಪರದೆಯ ಮೇಲೆ ಸುತ್ತುವ ಹೊತ್ತು 11 ಗಂಟೆ 55 ನಿಮಿಷದ ಹತ್ತಿರವೇ ಬರುತ್ತದೆ. ಸುತ್ತುವ ವಸ್ತು ಚಿಕ್ಕದಾಗಿದ್ದರೆ ಅದರ ರಾಶಿ ಎಷ್ಟು ಎಂಬುದು ಸುತ್ತುವ ಹೊತ್ತಿಗೆ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಎಂಸಿಜಿಯಷ್ಟು ದೊಡ್ಡ ಕಲ್ಲೂ ಒಂದು ಪುಟ್ಟ ನೌಕೆಯೂ ಒಂದೇ ದೂರದಲ್ಲಿ ಒಂದೇ ಹೊತ್ತಿಗೆ ಸುತ್ತು ಮುಗಿಸುತ್ತವೆ. ಆಮೇಲೆ ಫೈಲಿನಲ್ಲಿ ನೌಕೆಯ ವೇಗವನ್ನು ಒಂದಿಷ್ಟು ಕಡಿಮೆ ಮಾಡುವುದು, ಸುತ್ತುವ ಹೊತ್ತು ಎಷ್ಟಾಯಿತು ಎಂದು ಓದುವುದು. ಇದೇ ನಮ್ಮ ಪ್ರಯೋಗ.

ಮೊದಲು ಒಂದು ವಿಚಿತ್ರ. ಡಾರ್ಟ್ ನೌಕೆ ಡೈಮಾರ್ಫಸ್‌ಗೆ ಎದುರಿನಿಂದ ಗುದ್ದಿತು. ಅಂದರೆ ಬ್ರೇಕ್ ಹಾಕಿದ ಹಾಗೆ. ಬ್ರೇಕ್ ಹಾಕಿದರೆ ಸುತ್ತು ಮುಗಿಸಲು ಹೆಚ್ಚು ಹೊತ್ತು ಬೇಕಾಗಬೇಕಲ್ಲವೇ? ಆದರೆ ಹಾಗಾಗುವುದಿಲ್ಲ. ವೇಗ ಕಡಿಮೆಯಾದ ಕಲ್ಲು ದೊಡ್ಡದರ ಕಡೆಗೆ ಸ್ವಲ್ಪ ಬೀಳುತ್ತದೆ. ಬೀಳುತ್ತಾ ವೇಗ ಪಡೆಯುತ್ತದೆ, ದಾರಿಯೂ ಚಿಕ್ಕದಾಗುತ್ತದೆ. ಹಾಗಾಗಿ ಸುತ್ತು ಬೇಗ ಮುಗಿಯುತ್ತದೆ. ಪುಸ್ತಕದಲ್ಲಿ ಓದಿದಾಗ ಇದು ತಲೆಗೆ ಹೋಗಿರಲಿಲ್ಲ. ಸಿಮ್ಯುಲೇಟರ್‌ನಲ್ಲಿ ಒಮ್ಮೆ ಕಣ್ಣಾರೆ ನೋಡಿದ ಮೇಲೆ ಮರೆಯುವುದೇ ಇಲ್ಲ.

ಈಗ ಆ ಲೆಕ್ಕ. ಡೈಮಾರ್ಫಸ್‌ನ ರಾಶಿ ಸುಮಾರು 430 ಕೋಟಿ ಕಿಲೋ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. 580 ಕಿಲೋ ತೂಕದ ನೌಕೆ ಹೋಗಿ ಅದಕ್ಕೆ ಅಂಟಿಕೊಂಡಿತು ಎಂದುಕೊಳ್ಳಿ, ಒದ್ದೆ ಮಣ್ಣಿನ ಉಂಡೆ ಗೋಡೆಗೆ ಅಂಟಿಕೊಂಡ ಹಾಗೆ. ಆಗ ಕಲ್ಲಿನ ವೇಗ ಸೆಕೆಂಡಿಗೆ 0.8 ಮಿಲಿಮೀಟರ್ ಬದಲಾಗುತ್ತದೆ. ಹನ್ನೊಂದನೆಯ ತರಗತಿಯ ಭೌತಶಾಸ್ತ್ರ ಇದಕ್ಕೆ ಸಾಕು. ಆ 0.8 ಮಿಲಿಮೀಟರನ್ನು ನಮ್ಮ ಮಾದರಿಗೆ ಕೊಟ್ಟರೆ ಸುತ್ತುವ ಹೊತ್ತು ಸುಮಾರು 10 ನಿಮಿಷ ಕಡಿಮೆಯಾಗುತ್ತದೆ.

ನಿಜದಲ್ಲಿ ಎಷ್ಟು ಕಡಿಮೆಯಾಯಿತು? ಪ್ರಪಂಚದ ಬೇರೆ ಬೇರೆ ಕಡೆಯ ದೂರದರ್ಶಕಗಳು ವಾರಗಟ್ಟಲೆ ಆ ಚುಕ್ಕೆಯ ಗ್ರಹಣಗಳನ್ನು ಅಳೆದವು. 11 ಗಂಟೆ 55 ನಿಮಿಷ ಇದ್ದದ್ದು 11 ಗಂಟೆ 22 ನಿಮಿಷದ ಆಸುಪಾಸಿಗೆ ಇಳಿದಿತ್ತು. 33 ನಿಮಿಷ! ಒಂದು ನಿಮಿಷ 13 ಸೆಕೆಂಡು ಬದಲಾದರೆ ಸಾಕು, ಪ್ರಯೋಗ ಗೆದ್ದಂತೆ ಎಂದು ನಾಸಾ ಮೊದಲೇ ಹೇಳಿತ್ತು.

ನಾವು ಹಿಂದಿನಿಂದ ಮುಂದಕ್ಕೆ ಹೋದೆವು. 33 ನಿಮಿಷ ಬರಬೇಕಾದರೆ ವೇಗ ಎಷ್ಟು ಇಳಿಯಬೇಕು? ಸೆಕೆಂಡಿಗೆ 2.7 ಮಿಲಿಮೀಟರ್. ವಿಜ್ಞಾನಿಗಳು ಪ್ರಕಟಿಸಿದ್ದೂ ಅದೇ 2.7. ಮನೆಯ ಲ್ಯಾಪ್‌ಟಾಪಿನಲ್ಲಿ ಆ ಸಂಖ್ಯೆ ಬಂದಾಗ ನಮ್ಮ ತಮ್ಮ ಮೆಲ್ಬರ್ನಿನಲ್ಲಿ ಕಿರುಚಿದ್ದಕ್ಕೆ ಚಿಕ್ಕಮ್ಮ ಅಡುಗೆಮನೆಯಿಂದ ಓಡಿ ಬಂದರು.

0.8 ಎಲ್ಲಿ, 2.7 ಎಲ್ಲಿ! ಮೂರು ಪಟ್ಟಿಗೂ ಹೆಚ್ಚು. ಉಳಿದ ತಳ್ಳುವಿಕೆ ಎಲ್ಲಿಂದ ಬಂತು? ಕಲ್ಲಿನಿಂದಲೇ. ಡೈಮಾರ್ಫಸ್ ಗಟ್ಟಿ ಬಂಡೆ ಅಲ್ಲ. ಕಲ್ಲು, ಜಲ್ಲಿ, ಪುಡಿ ಎಲ್ಲ ಒಟ್ಟಿಗೆ ಕೂತಿರುವ ಒಂದು ಗುಡ್ಡೆ. ಬೆಲ್ಲದ ಪಾಕ ಕಡಿಮೆ ಹಾಕಿದ ಮಂಡಕ್ಕಿ ಉಂಡೆಯ ಹಾಗೆ, ಮುಟ್ಟಿದರೆ ಉದುರುತ್ತದೆ. ಡಾರ್ಟ್ ಗುದ್ದಿದಾಗ ಕನಿಷ್ಠ ಹತ್ತು ಲಕ್ಷ ಕಿಲೋದಷ್ಟು ಕಲ್ಲು ಪುಡಿ ಹೊರಕ್ಕೆ ಚಿಮ್ಮಿತು. ಸಾವಿರಾರು ಕಿಲೋಮೀಟರ್ ಉದ್ದದ ಬಾಲ ಕಾಣಿಸಿತು. ಅದರ ಸುತ್ತ ತೇಲುತ್ತಿದ್ದ 37 ಬಂಡೆಗಳನ್ನು ಹಬಲ್ ದೂರದರ್ಶಕ ಆಮೇಲೆ ಗುರುತಿಸಿತು. ಹೀಗೆ ಚಿಮ್ಮಿದ್ದೆಲ್ಲ ನೌಕೆ ಬಂದ ದಿಕ್ಕಿಗೇ ಚಿಮ್ಮಿತು. ಬಲೂನಿನ ಬಾಯಿ ಬಿಟ್ಟಾಗ ಗಾಳಿ ಒಂದು ಕಡೆ, ಬಲೂನು ಇನ್ನೊಂದು ಕಡೆ ಹೋಗುವುದಿಲ್ಲವೇ? ಅದೇ ರೀತಿ, ಹೊರಟ ಕಲ್ಲು ಪುಡಿ ಉಳಿದ ಕಲ್ಲನ್ನು ಇನ್ನಷ್ಟು ತಳ್ಳಿತು. ಲಗೋರಿಯಲ್ಲಿ ಚೆಂಡು ತಗುಲಿ ಕಲ್ಲುಗಳು ಚೆದುರುವುದನ್ನು ನೋಡಿದ್ದೇವೆ. ಇಲ್ಲಿ ಚೆದುರಿದ ಕಲ್ಲುಗಳೇ ಚೆಂಡಿಗಿಂತ ಹೆಚ್ಚು ಕೆಲಸ ಮಾಡಿದವು.

ನಮ್ಮ ಸಿಮ್ಯುಲೇಟರ್‌ಗೆ ಇದು ಯಾವುದೂ ಗೊತ್ತಿಲ್ಲ. ಅದರ ಪಾಲಿಗೆ ಕ್ಷುದ್ರಗ್ರಹ ಅಂದರೆ ಒಂದು ರಾಶಿ, ಒಂದು ಗಾತ್ರ, ಅಷ್ಟೇ. ಒಳಗೆ ಬಂಡೆ ಇದೆಯೋ ಮಂಡಕ್ಕಿ ಉಂಡೆ ಇದೆಯೋ ಅದು ಕೇಳುವುದಿಲ್ಲ. ನಾವು ಏನು ಕೊಟ್ಟೆವೋ ಅದಕ್ಕೆ ತಕ್ಕ ಉತ್ತರವನ್ನು ಅದು ತಪ್ಪದೆ ಕೊಡುತ್ತದೆ. 10 ನಿಮಿಷಕ್ಕೂ 33 ನಿಮಿಷಕ್ಕೂ ನಡುವಿನ 23 ನಿಮಿಷವನ್ನು ಯಾವ ಲ್ಯಾಪ್‌ಟಾಪಿನಿಂದಲೂ ಮೊದಲೇ ಪಡೆಯಲು ಆಗುತ್ತಿರಲಿಲ್ಲ. ಒಮ್ಮೆ ಹೋಗಿ ಮುಟ್ಟಲೇಬೇಕಿತ್ತು.

ಆ 23 ನಿಮಿಷಕ್ಕೆ ಯಾಕೆ ಇಷ್ಟು ಬೆಲೆ? ಕೊನೆಯದಾಗಿ ಇನ್ನೊಂದು ಲೆಕ್ಕ ಹಾಕಿದೆವು. ಡೈಮಾರ್ಫಸ್‌ನಷ್ಟೇ ದೊಡ್ಡ ಒಂಟಿ ಕಲ್ಲೊಂದು ನೇರ ಭೂಮಿಯ ನಡುವಿಗೆ ಗುರಿಯಿಟ್ಟು ಬರುತ್ತಿದೆ ಎಂದುಕೊಳ್ಳಿ. ಅದನ್ನು ತಪ್ಪಿಸಬೇಕಾದರೆ ಕಡೇ ಪಕ್ಷ ಭೂಮಿಯ ಅರ್ಧ ಅಗಲ, ಅಂದರೆ ಸುಮಾರು 6,400 ಕಿಲೋಮೀಟರ್ ಅದು ಜರುಗಬೇಕು. ಒಂದು ಡಾರ್ಟ್ ಅದಕ್ಕೆ ಸೆಕೆಂಡಿಗೆ 2.7 ಮಿಲಿಮೀಟರ್ ಬ್ರೇಕ್ ಹಾಕಿತು. ಒಂದು ವರ್ಷದಲ್ಲಿ 3 ಕೋಟಿ 15 ಲಕ್ಷ ಸೆಕೆಂಡುಗಳಿವೆ. ಗುಣಿಸಿದರೆ ವರ್ಷಕ್ಕೆ 85 ಕಿಲೋಮೀಟರ್. ಆದರೆ ಮೊದಲೇ ಹೇಳಿದ ಆ ವಿಚಿತ್ರದಿಂದ, ಅಂದರೆ ಕಕ್ಷೆ ಚಿಕ್ಕದಾಗಿ ಸುತ್ತು ಬೇಗ ಮುಗಿಯುವುದರಿಂದ, ಈ ವ್ಯತ್ಯಾಸ ಮೂರು ಪಟ್ಟಾಗುತ್ತದೆ. ವರ್ಷಕ್ಕೆ ಸುಮಾರು 255 ಕಿಲೋಮೀಟರ್. ಮೂರೂವರೆ ವರ್ಷಕ್ಕೆ ನಾವು ಹ್ಯೂಮ್ ಹೆದ್ದಾರಿಯಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವಷ್ಟು ದೂರ. 6,400 ಕಿಲೋಮೀಟರಿಗೆ 25 ವರ್ಷ.

ಅದೇ 0.8 ಮಿಲಿಮೀಟರ್ ಮಾತ್ರ ಸಿಗುವುದಾಗಿದ್ದರೆ? 80 ವರ್ಷಕ್ಕೂ ಹೆಚ್ಚು.

ಇದು ಇಬ್ಬರು ವಿದ್ಯಾರ್ಥಿಗಳ ಒರಟು ಲೆಕ್ಕ. ನಿಜವಾದ ಕಲ್ಲು ಯಾವ ಕೋನದಲ್ಲಿ ಬರುತ್ತದೆ, ಎಷ್ಟು ಗಟ್ಟಿ ಇದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಆ ಎರಡು ಸಂಖ್ಯೆಗಳನ್ನು ಪಕ್ಕ ಪಕ್ಕ ಬರೆದಾಗ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. 25 ವರ್ಷ ಅಂದರೆ ಒಂದು ತಲೆಮಾರು. ನಾನು ಇವತ್ತು ತಳ್ಳಿದರೆ ಅದರ ಫಲವನ್ನು ನಾನೇ ನೋಡುತ್ತೇನೆ, ಆಗ ನನಗೆ 41. 80 ವರ್ಷ ಅಂದರೆ ಮೂರು ತಲೆಮಾರು. ನಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಯಾರಾದರೂ ತಳ್ಳಿದ್ದರೆ ಮಾತ್ರ ನಾನು ಉಳಿಯುತ್ತೇನೆ. ಕಲ್ಲಿನೊಳಗೆ ಏನಿದೆ ಎಂದು ತಿಳಿದಿರುವುದಕ್ಕೂ ತಿಳಿಯದಿರುವುದಕ್ಕೂ ಇರುವ ವ್ಯತ್ಯಾಸ ಇಷ್ಟು. ಎರಡು ಉತ್ತರಗಳಲ್ಲೂ ಒಂದು ವಿಷಯ ಮಾತ್ರ ಬದಲಾಗುವುದಿಲ್ಲ: ತಳ್ಳುವುದು ಬಹಳ ಸಣ್ಣದು, ಆದ್ದರಿಂದ ಬಹಳ ಮೊದಲೇ ತಳ್ಳಬೇಕು. ಕೊನೆಯ ವಾರದಲ್ಲಿ ಎಷ್ಟು ಜೋರಾಗಿ ಗುದ್ದಿದರೂ ಪ್ರಯೋಜನ ಕಡಿಮೆ. ಮೊದಲೇ ತಳ್ಳಬೇಕಾದರೆ ಮೊದಲೇ ಕಾಣಬೇಕು. ಅದಕ್ಕೇ ಪ್ರತಿ ರಾತ್ರಿ ದೂರದರ್ಶಕಗಳು ಹೊಸ ಕ್ಷುದ್ರಗ್ರಹಗಳನ್ನು ಹುಡುಕುತ್ತಿವೆ.

ಕಥೆ ಇನ್ನೂ ಮುಗಿದಿಲ್ಲ. ಡೈಮಾರ್ಫಸ್‌ನ ರಾಶಿಯನ್ನು ಇದುವರೆಗೆ ಹತ್ತಿರದಿಂದ ಅಳೆದಿಲ್ಲ. 430 ಕೋಟಿ ಎಂಬುದು ಅದರ ಗಾತ್ರ ನೋಡಿ ಮಾಡಿದ ಅಂದಾಜು. ಅದು ಬದಲಾದರೆ ನಮ್ಮ 0.8 ಕೂಡ ಬದಲಾಗುತ್ತದೆ. ಅದನ್ನು ಅಳೆಯಲು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹೆರಾ ಎಂಬ ನೌಕೆಯನ್ನು 2024ರ ಅಕ್ಟೋಬರ್ 7ರಂದು ಹಾರಿಸಿದೆ. 2026ರ ಕೊನೆಯ ಹೊತ್ತಿಗೆ ಅದು ಈ ಜೋಡಿಯನ್ನು ತಲುಪುವಂತೆ ಯೋಜನೆ ಮಾಡಿದ್ದಾರೆ. ನಾನು ಹೇಳಿದೆನಲ್ಲ, ಚಿಕ್ಕದರ ಎಳೆತಕ್ಕೆ ದೊಡ್ಡದು ಸುಮಾರು 10 ಮೀಟರ್ ಅಲ್ಲಾಡುತ್ತದೆ ಎಂದು? ಆ ಅಲುಗಾಟವನ್ನು ಅಳೆದರೆ ಚಿಕ್ಕದರ ರಾಶಿ ಸಿಗುತ್ತದೆ. ನಮ್ಮ ಮೊದಲ ಮಾದರಿ ಯಾವುದನ್ನು ಬಿಟ್ಟುಬಿಟ್ಟಿತ್ತೋ ಅದರಲ್ಲೇ ಉತ್ತರ ಇದೆ.

ಇಷ್ಟು ದೂರದ ನೌಕೆಗಳ ಜೊತೆ ಮಾತಾಡಲು ಬೃಹತ್ ಡಿಶ್ ಆಂಟೆನಾಗಳು ಬೇಕು. ಯುರೋಪಿನವರ 35 ಮೀಟರ್ ಆಂಟೆನಾ ನಮ್ಮ ಆಸ್ಟ್ರೇಲಿಯಾದಲ್ಲೇ, ಪರ್ತ್‌ನ ಉತ್ತರಕ್ಕೆ ನ್ಯೂ ನಾರ್ಸಿಯಾದಲ್ಲಿದೆ. ನಾಸಾದ್ದು ಕ್ಯಾನ್‌ಬೆರಾ ಪಕ್ಕದ ಟಿಡ್ಬಿನ್‌ಬಿಲ್ಲಾದಲ್ಲಿ. ಇಸ್ರೋದ 32 ಮೀಟರ್ ಆಂಟೆನಾ ಎಲ್ಲಿದೆ ಗೊತ್ತೇ? ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ. ಮೈಸೂರು ರಸ್ತೆಯಲ್ಲಿ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸುತ್ತೇವಲ್ಲ, ಅಲ್ಲಿಂದ ಅದು ಬಹಳ ದೂರವಿಲ್ಲ. ನಮ್ಮ ಎರಡು ದೇಶಗಳಲ್ಲೂ ಆಕಾಶಕ್ಕೆ ಕಿವಿ ಕೊಟ್ಟು ಕೂತವರಿದ್ದಾರೆ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗ ಅಥವಾ ಮಗಳು ಇಂಥ ಸಿಮ್ಯುಲೇಟರ್ ತೆರೆದು ಕೂತಿದ್ದರೆ “ಆಟ ಸಾಕು” ಎನ್ನುವ ಮೊದಲು “ಇದಕ್ಕೆ ನೀನು ಏನೇನು ಕೊಟ್ಟಿದ್ದೀಯ, ಏನು ಬಿಟ್ಟಿದ್ದೀಯ?” ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಉತ್ತರ ಬಂದರೆ ಅದು ಓದು. ಬರದಿದ್ದರೆ ಆಗ ಬೇಕಾದರೆ ಮುಚ್ಚಿಸಿ. ಸಾಧ್ಯವಾದರೆ ಆ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. ಅಜ್ಜಿಗೆ ಹೇಳಬೇಕು ಎಂಬ ಕಾರಣಕ್ಕೇ ನಾನು ರಾಶಿ, ಕಕ್ಷೆ, ಗ್ರಹಣ ಎಂಬ ಪದಗಳನ್ನು ಹುಡುಕಿಕೊಂಡೆ. ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿಬಿಡುತ್ತಿದ್ದ ಎಷ್ಟೋ ವಿಷಯಗಳು ನನಗೆ ಪೂರ್ತಿ ಅರ್ಥವಾಗಿದ್ದು ಅವುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದಾಗ. ಕೊನೆಗೆ ಅಜ್ಜಿಯೇ ಕೇಳಿದರು, “ಅಲ್ಲಾ ಪುಟ್ಟೀ, ಬ್ರೇಕ್ ಹಾಕಿದ್ರೆ ಬೇಗ ಹೋಗುತ್ತೆ ಅಂದ್ಯಲ್ಲ, ಅದು ಹೆಂಗೆ ಇನ್ನೊಂದ್ಸಲ ಹೇಳು.” ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಇದುವರೆಗೆ ಯಾರೂ ಕೇಳಿಲ್ಲ.

ಶಿಕ್ಷಕರಿಗೆ ನನ್ನ ನಮನ. ವಾರಕ್ಕೆ ಎರಡು ಗಂಟೆ, ಅದೂ ರಜೆ ಬಿಟ್ಟು. ಎಷ್ಟು ಸಣ್ಣದು ಎಂದು ನಿಮಗೆ ಅನ್ನಿಸಿರಬಹುದು. ಆದರೆ ನೀವು ಅದನ್ನು ಶುರು ಮಾಡಿದಾಗ ನನಗೆ ಐದು ವರ್ಷ. ನನ್ನ ಲೆಕ್ಕದಲ್ಲಿ ಅದು ಸಾಕಷ್ಟು ಮೊದಲೇ.